ರಜೆಯ ದಿನದ ಪೊಲೀಸ

ಮೂಡಲಗಿಯ ಮಂಗಲ ಕಾರ್ಯಾಲಯದ ಬಾಗಿಲಲ್ಲಿ ನಿಂತಿದ್ದೀರಿ. ಒಳಗೆ ಅಕ್ಷತೆ ಬಿದ್ದು ಅರ್ಧ ತಾಸಾಯಿತು. ಗೋದಿ ಹುಗ್ಗಿಯ ಬಕೆಟ್ ಹಿಡಿದ ಹುಡುಗರು ನಿಮ್ಮನ್ನು ಸವರಿಕೊಂಡೇ ಓಡುತ್ತಿದ್ದಾರೆ. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟವನು ಗೋಕಾಕದ ಕಾನ್‌ಸ್ಟೇಬಲ್. ವಾರದ ರಜೆ ಸಿಕ್ಕಿತೆಂದು ಬೆಳಗ್ಗೆ ಲೋಳಸೂರ ಸೇತುವೆ ದಾಟಿ ಬಂದಿದ್ದಾನೆ. ಯಾರೂ ಹೇಳಬೇಕಿಲ್ಲ: ಟೊಪ್ಪಿಗೆ ಕೂರುವ ಗೆರೆಯವರೆಗೆ ಮುಖ ಕಪ್ಪಗೆ ಸುಟ್ಟಿದೆ, ಅದರ ಮೇಲೆ ಹಣೆ ಬೆಳ್ಳಗಿದೆ.

ಹುಕ್ಕೇರಿಯ ಹಿರಿಯರೊಬ್ಬರು ಹತ್ತಿರ ಸರಿಯುತ್ತಾರೆ.

"ಸಾಹೇಬ್ರ, ಮುಂದಿನ ಐತವಾರ ನಮ್ಮ ಮಗಳ ಮದವಿ ಐತ್ರಿ. ಬಂಗಾರ ಭಾಳ ಇರ್ತೈತಿ. ಡ್ರೆಸ್ ಹಾಕ್ಕೊಂಡು ನಾಕ ತಾಸ ಬಾಗಲಾಗ ನಿಂತ್ರ ಸಾಕ್ರಿ." ಮಡಚಿದ ಐನೂರರ ನೋಟುಗಳು ಅಂಗೈಯಲ್ಲಿವೆ.

"ಬ್ಯಾಡ್ರಿ ಮಾಮಾ. ರಜಾ ನನಗ ಐತಿ, ಡ್ರೆಸ್ಸಿಗೆ ಇಲ್ಲ."

ಅವನ ಮಾತಿಗೆ ಕಾನೂನಿನ ಬಲವಿದೆ. ಅಮೆರಿಕದ ಪೊಲೀಸರು ಇಲಾಖೆಯ ಒಪ್ಪಿಗೆ ಪಡೆದು ಬಿಡುವಿನಲ್ಲಿ ಅಂಗಡಿ, ಮೈದಾನ ಕಾಯುವುದುಂಟು. ನಮ್ಮಲ್ಲಿ ಕಾನೂನಿನ ಕಣ್ಣಿಗೆ ಪೊಲೀಸನಿಗೆ ಬಿಡುವೆಂಬುದೇ ಇಲ್ಲ: ಅವನು ಸದಾ ಕರ್ತವ್ಯದಲ್ಲಿದ್ದಾನೆ ಎಂದು 1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಹೇಳಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಅದೇ ದಾರಿ ಹಿಡಿಯಿತು. ಸರ್ಕಾರಿ ನೌಕರ ಅನುಮತಿಯಿಲ್ಲದೆ ಖಾಸಗಿ ಕೆಲಸ ಹಿಡಿಯುವುದನ್ನು ನಡತೆ ನಿಯಮಗಳೂ ತಡೆಯುತ್ತವೆ.

ಅಷ್ಟರಲ್ಲಿ ರಸ್ತೆಯಿಂದ ಕೂಗು. ಹೆಣ್ಣುಮಗಳೊಬ್ಬಳು ಕೊರಳು ಹಿಡಿದುಕೊಂಡಿದ್ದಾಳೆ, ಬೋರಮಾಳ ಹೋಗಿದೆ. ನೀವು ತಿರುಗಿ ನೋಡುವಷ್ಟರಲ್ಲಿ ಬಿಳಿ ಅಂಗಿ ಓಡಿಯಾಗಿದೆ. ತಿರುವಿನ ಉಸುಕಿನಲ್ಲಿ ಕಳ್ಳನ ಬೈಕು ಜಾರುತ್ತದೆ. ಅವನು ಕಳ್ಳನ ಬೆನ್ನ ಮೇಲೆ ಮೊಳಕಾಲೂರಿ, ಏದುಸಿರಿನಲ್ಲೇ ನಿಮ್ಮತ್ತ ಕೂಗುತ್ತಾನೆ: "112ಕ್ಕ ಫೋನ್ ಹಚ್ರಿ!" ಇದು ಅವನ ಠಾಣೆಯ ಹದ್ದಲ್ಲ. ಆದರೂ ಕಣ್ಣೆದುರಿನ ಕಳ್ಳನನ್ನು ಹಿಡಿಯಲು ಹದ್ದು ಅಡ್ಡ ಬರುವುದಿಲ್ಲ. ಮುಂದಿನದು ಮೂಡಲಗಿ ಠಾಣೆಯ ಕೆಲಸ: ಅವರೇ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಹಚ್ಚುತ್ತಾರೆ, ಅವರೇ ತನಿಖೆ ಮಾಡುತ್ತಾರೆ. ಇವನು ಸಾಕ್ಷಿಯಾಗಿ ಹೇಳಿಕೆ ಬರೆಸಿ ಮರಳುವಾಗ ಕೊನೆಯ ಪಂಗತಿಯೂ ಎದ್ದಿದೆ. ಬಿಳಿ ಅಂಗಿಯ ತೋಳು ಹರಿದಿದೆ.

ನನ್ನನ್ನು ಕಾಡುವುದು ಆ ತೋಳಲ್ಲ, ಆ ರಜೆ. ಜಾತ್ರೆ, ಚುನಾವಣೆ, ಗಣೇಶೋತ್ಸವ, ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನ — ಬಂದೋಬಸ್ತ್ ಬಂತೆಂದರೆ ಮೊದಲು ಹೋಗುವುದು ಅದೇ. ಬಿಡುವನ್ನು ಮಾರಬೇಡ ಎನ್ನುವ ಸರ್ಕಾರ ಆ ಬಿಡುವನ್ನು ಕೊಡಲೂಬೇಕು. ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ಮದುವೆ ಮನೆಯವರಿಗೆ. ಕಾವಲು ಬೇಕಿದ್ದರೆ ದಿನ, ಜಾಗ ಬರೆದು ನಿಮ್ಮೂರ ಠಾಣೆಗೆ ಮೊದಲೇ ಅರ್ಜಿ ಕೊಡಿ. ಪೊಲೀಸರನ್ನು ಕಳಿಸಿ ಖರ್ಚು ಕಟ್ಟಿರೆಂದರೆ ಅದನ್ನು ಸರ್ಕಾರಕ್ಕೆ ಕಟ್ಟಿ, ರಸೀದಿ ಪಡೆಯಿರಿ. ಇಲ್ಲವೇ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಪರವಾನಗಿ ಇರುವ ಏಜೆನ್ಸಿಯ ಕಾವಲುಗಾರರನ್ನು ಕರೆಸಿ. ಕಾನ್‌ಸ್ಟೇಬಲ್ಲನ ಕೈಗೆ ಮಾತ್ರ ನೋಟು ತುರುಕಬೇಡಿ. ಅವನನ್ನು ಊಟಕ್ಕೆ ಕರೆಯಿರಿ.