ಉಸಿರಿಗೊಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಹೊರನಾಡಿಗೆ ಬಂದು ನೆಲೆಸಿದ ನಮ್ಮಲ್ಲಿ ಹೆಚ್ಚಿನವರಿಗೆ ಮನೆ ಕಟ್ಟುವ ಕಷ್ಟವಿಲ್ಲ; ಕಟ್ಟಿದ ಮನೆಯನ್ನು ಆರಿಸುವುದೇ ನಮ್ಮ ಪಾಲಿನ ತಪಸ್ಸು. ಮಕ್ಕಳು ಚಿಕ್ಕವರಿದ್ದಾಗ ಒಳ್ಳೆಯ ಶಾಲೆಯಿರುವ ಊರನ್ನು ಅರಸುತ್ತೇವೆ. ಆದರೆ ದೀರ್ಘಕಾಲದ ಕಾಯಿಲೆಯ ಹಿರಿಯ ಜೀವವೊಂದು ನಮ್ಮೊಡನೆ ಬಾಳಲು ಬಂದಾಗ ಮನೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ನಮ್ಮ ಅತ್ತೆಯವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬಾಳಿದವರು. ಮಾವನವರು ತೀರಿಕೊಂಡ ಬಳಿಕ, 2022ರಲ್ಲಿ, ನ್ಯೂಜೆರ್ಸಿಯ ನಮ್ಮ ಮನೆಗೆ ಬಂದರು. ಬರುವಾಗಲೇ ಉಬ್ಬಸವಿತ್ತು. ಇಲ್ಲಿನ ಶ್ವಾಸಕೋಶ ತಜ್ಞೆ ಪರೀಕ್ಷಿಸಿ ಅದು ಸಿ.ಒ.ಪಿ.ಡಿ. ಎಂದರು, ಉಸಿರಿನ ನಾಳಗಳು ಸಂಕುಚಿತವಾಗಿ, ಮತ್ತೆ ಮೊದಲಿನಂತಾಗದ ವ್ಯಾಧಿ. “ಎಷ್ಟು ವರ್ಷ ಧೂಮಪಾನ ಮಾಡಿದ್ದಾರೆ?” ಎಂದು ಆಕೆ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅತ್ತೆಯವರು ನಕ್ಕುಬಿಟ್ಟರು. “ಬೀಡಿ ಸೇದಲಿಲ್ಲ ಮಾರಾಯ್ತಿ, ಐವತ್ತು ವರ್ಷ ಒಲೆ ಊದಿದೆ ಅನ್ನು.” ವೈದ್ಯೆ ನಗಲಿಲ್ಲ. ಧೂಮಪಾನ ಮಾಡದ ಹೆಂಗಸರಲ್ಲಿ ಈ ರೋಗಕ್ಕೆ ಸೌದೆಯ ಹೊಗೆ ಮುಖ್ಯ ಕಾರಣಗಳಲ್ಲೊಂದೆಂದು ವಿವರಿಸಿದರು. ಊದುಗೊಳವೆ ಹಿಡಿದು ಕೂತ ನಮ್ಮ ತಾಯಂದಿರೆಲ್ಲ ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಸಾಲುಗಟ್ಟಿ ನಿಂತರು.

ನಮ್ಮದು ಆಗ ಎರಡು ಅಂತಸ್ತಿನ ಮನೆ. ಮಕ್ಕಳು ಬೆಳೆದದ್ದೇ ಅಲ್ಲಿ. ಮಲಗುವ ಕೋಣೆ, ಸ್ನಾನದ ಮನೆಗಳೆಲ್ಲ ಮೇಲೆ. ನಡುವೆ ಹದಿನಾಲ್ಕು ಮೆಟ್ಟಿಲು. ಅತ್ತೆಯವರು ಏಳನೆಯ ಮೆಟ್ಟಿಲಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ನೆಲದ ತುಂಬ ಕಾರ್ಪೆಟ್ಟು, ಅದರ ತುಂಬ ಧೂಳು. ನೆಲಮಾಳಿಗೆಯಲ್ಲಿ ಮಳೆ ಬಂದಾಗಲೆಲ್ಲ ತೇವದ ವಾಸನೆ. ಮನೆ ಬದಲಿಸೋಣವೆಂದು ನಮ್ಮವರು ಮಾತೆತ್ತಿದರೆ, “ನನ್ನೊಬ್ಬಳಿಗಾಗಿ ಮನೆ ಮಾರ್ತೀರಾ? ನನ್ನನ್ನು ಊರಿಗೆ ಕಳಿಸಿಬಿಡಿ” ಎಂದು ಅವರು ಮುಖ ತಿರುಗಿಸುತ್ತಿದ್ದರು. ಊರಿನಲ್ಲಿ ಯಾರಿದ್ದಾರೆ? ಮಳೆಗಾಲದ ನಾಲ್ಕು ತಿಂಗಳು ಗೋಡೆಗಳೇ ಬೆವರುವ ಮನೆ. ದೊಡ್ಡ ಆಸ್ಪತ್ರೆಯೆಂದರೆ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ.

2023ರ ಜೂನ್ ಮೊದಲ ವಾರ ಕೆನಡಾದ ಕಾಡ್ಗಿಚ್ಚಿನ ಹೊಗೆ ನಮ್ಮೂರಿನ ಮೇಲೆ ಕವಿಯಿತು. ಹಗಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಕಿಟಕಿಗಳನ್ನು ಮುಚ್ಚಿದ್ದರೂ ಅತ್ತೆಯವರು ಇಡೀ ರಾತ್ರಿ ದಿಂಬಿಗೊರಗಿ ಕುಳಿತೇ ಕಳೆದರು. ಬೆಳಗಿನ ಜಾವ ನನ್ನ ಕೈ ಹಿಡಿದು, “ಎಲ್ಲಿ ಹೋದರೂ ಹೊಗೆ ನನ್ನನ್ನು ಬಿಡಲಿಲ್ಲ ನೋಡು” ಎಂದರು. ಅಂದೇ ನಿರ್ಧಾರವಾಯಿತು.

ಮುಂದಿನ ನಾಲ್ಕು ತಿಂಗಳಲ್ಲಿ ನಾವು ನೋಡಿದ ಮನೆಗಳು ಇಪ್ಪತ್ತಕ್ಕೂ ಹೆಚ್ಚು. ಕಲಾ ವಿಭಾಗದಲ್ಲಿ ಪದವಿ ಪಡೆದ ನಾನು ಆ ಅವಧಿಯಲ್ಲಿ ಕಲಿತ ವಿಜ್ಞಾನವನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲನೆಯದು ನೆಲದ ಸಮಾಚಾರ. ಮಣ್ಣಿನಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಬಣ್ಣ, ವಾಸನೆಗಳಿಲ್ಲದೆ ಮನೆಯೊಳಗೆ ಸೇರುತ್ತದೆ. 1984ರಲ್ಲಿ ಪೆನ್ಸಿಲ್ವೇನಿಯಾದ ಅಣುಸ್ಥಾವರವೊಂದರಲ್ಲಿ ಎಂಜಿನಿಯರೊಬ್ಬರು ಬಂದಾಗಲೆಲ್ಲ ವಿಕಿರಣದ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತಂತೆ. ಹುಡುಕಿದರೆ, ವಿಕಿರಣ ಅವರ ಮನೆಯ ನೆಲಮಾಳಿಗೆಯದು! ಈ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಕಾರಣ ಇದೇ. ಲೀಟರಿಗೆ 4 ಪಿಕೋಕ್ಯೂರಿ ಅಥವಾ ಹೆಚ್ಚಿದ್ದರೆ ಕೊಳವೆ, ಫ್ಯಾನುಗಳನ್ನು ಹಾಕಿಸಿ ಹೊರಕ್ಕೆ ಕಳಿಸಬೇಕೆಂಬುದು ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಪರೀಕ್ಷೆ ಮಾಡಿಸದೆ ಮನೆ ಕೊಳ್ಳಬೇಡಿ.

ಎರಡನೆಯದು ತೇವ. ಒಳಗಿನ ಆರ್ದ್ರತೆ ಶೇಕಡಾ 30ರಿಂದ 50ರೊಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಹೊಸದಾಗಿ ಬಣ್ಣ ಬಳಿದ ನೆಲಮಾಳಿಗೆಯಲ್ಲಿ ಸುಗಂಧದ ಮೇಣದಬತ್ತಿ ಉರಿಯುತ್ತಿದ್ದರೆ ಮೂಗನ್ನು ಇನ್ನಷ್ಟು ಚುರುಕಾಗಿಸಿಕೊಳ್ಳಿ.

ಮೂರನೆಯದು ಅಡುಗೆಮನೆ. ಒಗ್ಗರಣೆಯಿಲ್ಲದ ಮನೆ ನಮ್ಮದಾದೀತೇ? ಇಲ್ಲಿನ ಅನೇಕ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಹಾಕದೆ ಮತ್ತೆ ಕೋಣೆಗೇ ಬಿಡುತ್ತದೆ. ಅನಿಲದ ಒಲೆಯಂತೂ ನೈಟ್ರೋಜನ್ ಡೈಆಕ್ಸೈಡನ್ನೂ ಕೊಡುತ್ತದೆ. ಆದುದರಿಂದ ನಾವು ವಿದ್ಯುತ್ತಿನ ಒಲೆಯನ್ನೂ ಹೊರಗೋಡೆಗೆ ತೆರೆಯುವ ಫ್ಯಾನನ್ನೂ ಹಾಕಿಸಿದೆವು. ಗಾಳಿಯ ಯಂತ್ರಕ್ಕೆ ಮರ್ವ್ 13 ದರ್ಜೆಯ ಶೋಧಕ ಹೊಂದುತ್ತದೆಯೇ ಎಂದೂ ವಿಚಾರಿಸಿದೆವು. ಹೊಗೆಯ ಸೂಕ್ಷ್ಮ ಕಣಗಳನ್ನು ಬಹುಮಟ್ಟಿಗೆ ತಡೆಯುವುದು ಅದೇ.

ಸ್ನೇಹಿತರೊಬ್ಬರು ಪೂರ್ವದ ಬಾಗಿಲಿಲ್ಲದ ಮನೆ ಸಲ್ಲದೆಂದು ವಾಸ್ತು ಹೇಳಿದರು. ಅತ್ತೆಯವರೇ ಉತ್ತರ ಕೊಟ್ಟರು: “ಬಾಗಿಲು ಯಾವ ದಿಕ್ಕಿಗಾದರೂ ಇರಲಿ ಮಾರಾಯ, ಬಚ್ಚಲು ಹತ್ತಿರ ಇದೆಯೋ ನೋಡು.” ಕೊನೆಗೆ ದೊರೆತದ್ದು ಹೆದ್ದಾರಿಯಿಂದ ದೂರವಿರುವ, ಒಂದೇ ಅಂತಸ್ತಿನ, ಮರದ ನೆಲದ ಸಣ್ಣ ಮನೆ. ಬಾಗಿಲು ಪಶ್ಚಿಮಕ್ಕೆ. ಬಚ್ಚಲು ಅವರ ಕೋಣೆಗೆ ಅಂಟಿಕೊಂಡೇ ಇದೆ.

ಆದರೆ ಯಾವ ತಪಾಸಣೆಯ ಪಟ್ಟಿಯಲ್ಲೂ ಇಲ್ಲದ ಒಂದು ಪ್ರಶ್ನೆ ಉಳಿದಿತ್ತು. ಅಷ್ಟರಲ್ಲಿ ಅತ್ತೆಯವರಿಗೆ ಆಮ್ಲಜನಕದ ಯಂತ್ರ ಬಂದಿತ್ತು. ಮೂಗಿಗೆ ಕೊಳವೆಯಿದ್ದಾಗ ಹತ್ತಿರ ಬೆಂಕಿ ಕೂಡದು. ದೀಪ ಹಚ್ಚದೆ ಎಂದೂ ಬಾಯಿಗೆ ನೀರು ಹಾಕದಿದ್ದ ಅವರಿಗೆ ನಾನೇ ಅದನ್ನು ಹೇಳಬೇಕಾಯಿತು. ಊದುಬತ್ತಿ ಬಿಡಲು ಒಪ್ಪಿದ್ದರು. ದೀಪವೆಂದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊಸ ಮನೆಯ ಪೂರ್ವದ ಕಿಟಕಿಯನ್ನು ತೋರಿಸಿ, “ದೇವರನ್ನು ಅಲ್ಲಿ ಕೂರಿಸು. ಬೆಳಗಿನ ಬಿಸಿಲು ಬೀಳುತ್ತದೆ. ಅದಕ್ಕಿಂತ ದೊಡ್ಡ ದೀಪ ಯಾವುದಿದೆ?” ಎಂದರು. ದನಿ ಗಟ್ಟಿಯಾಗಿತ್ತು; ಕಣ್ಣು ಮಾತ್ರ ತುಂಬಿತ್ತು.

ಬಂಧುಗಳೇ, ಜನ್ಮಭೂಮಿಯಿಂದ ತಂದೆತಾಯಿಯರನ್ನು ಕರೆತರುವ ಮುನ್ನ ವೀಸಾ, ವಿಮೆಗಳ ಕಾಗದಪತ್ರಗಳನ್ನು ಜೋಡಿಸುವ ಶ್ರದ್ಧೆಯಿಂದಲೇ ಅವರು ಉಸಿರಾಡಲಿರುವ ಗಾಳಿಯನ್ನೂ ನಡೆಯಲಿರುವ ನೆಲವನ್ನೂ ಪರೀಕ್ಷಿಸಿ. ಮತ್ತೆ, ಬಿಟ್ಟುಕೊಡಬೇಕಾದುದನ್ನು ಅವರಿಗೇ ತಿಳಿಸಿ, ಅವರಿಂದಲೇ ದಾರಿ ಕೇಳಿ. ಕಾಯಿಲೆ ಗುಣವಾಗದಿರಬಹುದು, ಆದರೆ ತಾವು ಆರಿಸಿದ ಮೂಲೆಯೊಂದು ಮನೆಯಲ್ಲಿದ್ದರೆ ಅವರು ಅತಿಥಿಗಳಾಗಿ ಉಳಿಯುವುದಿಲ್ಲ. ನಿಮ್ಮೆಲ್ಲರ ಮನೆಗಳ ಹಿರಿಯರ ಉಸಿರು ಹಗುರವಾಗಿರಲಿ.