ಬಾಗೇವಾಡಿಯ ಹುಡುಗ

ವಿಜಯಪುರದಿಂದ ಆಗ್ನೇಯಕ್ಕೆ ಸುಮಾರು 45 ಕಿ.ಮೀ. ಸಾಗಿದರೆ ಬಸವನಬಾಗೇವಾಡಿ. ದಾರಿಯುದ್ದಕ್ಕೂ ಎರೆಭೂಮಿ, ಜೋಳ, ತೊಗರಿ. ಊರೊಳಗೆ ಬಸವೇಶ್ವರನ ಗುಡಿ. ಶ್ರಾವಣ ಬಂತೆಂದರೆ ಇಲ್ಲಿ ಜನವೋ ಜನ. ಮಕ್ಕಳಿಂದ ಕೈಮುಗಿಸಿ, ಕಾಯಿ ಒಡೆಸಿ, ಚುರುಮುರಿ ಕೊಡಿಸಿ ಮುಂದಿನ ಬಸ್ಸಿಗೆ ಓಡುವ ತಂದೆತಾಯಿಗಳೇ ಹೆಚ್ಚು. ನಿಜಕ್ಕೂ ಈ ಊರಿನಲ್ಲಿ ಹಿರಿಯರು ಕೊಂಚ ಅಳುಕಬೇಕು. ಇಲ್ಲಿ ನೆನೆಯುವುದು ಹಿರಿಯರ ಮಾತು ಮೀರಿದ ಹುಡುಗನನ್ನು!

ಮಾದರಸ, ಮಾದಲಾಂಬಿಕೆಯರ ಮಗ ಜನಿವಾರ ಒಲ್ಲೆನೆಂದ ಕಥೆ ಒಂದೇ ತೆರನಾಗಿಲ್ಲ. ಭೀಮಕವಿಯ ಬಸವಪುರಾಣದಲ್ಲಿ ಬಾಲಕ ಉಪನಯನವನ್ನೇ ನಿರಾಕರಿಸುತ್ತಾನೆ. ಅದಕ್ಕೂ ಹಿಂದಿನ ಹರಿಹರನ ರಗಳೆಯಲ್ಲಿ, ತೊಟ್ಟಿದ್ದ ಜನಿವಾರವನ್ನು ಕಳಚಿ ಹೊರಡುತ್ತಾನೆ. ಎರಡರಲ್ಲೂ ದಾರಿ ಕೂಡಲಸಂಗಮಕ್ಕೆ. ತನ್ನ ದೇವರನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 25ನೇ ವಿಧಿ 1950ರಿಂದ ಕೊಟ್ಟಿದೆ. ಹನ್ನೆರಡನೇ ಶತಮಾನದ ಹುಡುಗನಿಗೆ ಅದರ ಬೆಲೆ, ಹುಟ್ಟಿದ ಮನೆ.

ಆತನ ಮಾತು ಅಚ್ಚಾಗಿ ಮನೆಮನೆ ಮುಟ್ಟುವುದಕ್ಕೆ ಶ್ರಮಿಸಿದವರು ವಿಜಯಪುರದಲ್ಲೇ ವಕೀಲರಾಗಿದ್ದ ಫ.ಗು. ಹಳಕಟ್ಟಿ. 1923ರಲ್ಲಿ 'ವಚನಶಾಸ್ತ್ರ ಸಾರ' ಹೊರಬಂತು. ಮುಂದೆ ಸ್ವಂತ ಮುದ್ರಣಾಲಯ, 'ಶಿವಾನುಭವ' ಪತ್ರಿಕೆ. ಈ ಹುಚ್ಚಿಗೆ ಮನೆಯನ್ನೂ ಮಾರಿದರು. ಜನ ಪೂಜೆಗಿಟ್ಟಿದ್ದ ಓಲೆಗರಿಗಳನ್ನು ಬೇಡಿ ತಂದು ಓದುವುದು ಸುಲಭವೇ? ಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲ, ಸಾಲು ಒಡೆದಿಲ್ಲ. ಇಂದು ಪುಸ್ತಕದಲ್ಲಿ ಕಾಣುವ ಚೆಂದದ ಸಾಲುಗಳನ್ನು ಒಡೆದವರು ಸಂಪಾದಕರು. ಪುಟವಿನ್ಯಾಸವೂ ಒಂದು ಬಗೆಯ ವ್ಯಾಖ್ಯಾನವೇ.

ಈಗ ಆ ಕೆಲಸ ಗಣಕಕ್ಕೆ ಬಂದಿದೆ. 1993ರಲ್ಲಿ ಸರ್ಕಾರ 15 ಸಂಪುಟಗಳಲ್ಲಿ ತಂದ ಸಮಗ್ರ ವಚನಗಳು ಇಂದು 'ವಚನ ಸಂಚಯ' ಎಂಬ ಜಾಲತಾಣದಲ್ಲಿವೆ. ಹಿಂದೆ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಬೇರೆ ಗಣಕದಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್ ಬಂದಮೇಲೆ ಒಂದು ಪದ ಕೊಟ್ಟರೆ ಸಾಕು, ಅದು ಬರುವ ವಚನಗಳೆಲ್ಲ ಎದುರಿಗೆ ನಿಲ್ಲುತ್ತವೆ.

ಬಸವ ಜಯಂತಿಗೆಂದು ಶಾಲೆಯ ಜಾಲಪುಟ ಕಟ್ಟುವ ವಿದ್ಯಾರ್ಥಿಗಳು ಮೊದಲು ಬಸವಣ್ಣನ ದೊಡ್ಡ ಚಿತ್ರವನ್ನು ನೆತ್ತಿಗೆ ಅಂಟಿಸುತ್ತಾರೆ. ಆತನ ಮುಖ ಹೇಗಿತ್ತೆಂದು ಕಂಡವರಿಲ್ಲ! ಆ ಚಿತ್ರ ತೆಗೆದು, ವಚನಕಾರರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ನೋಡಲಿ. ಅಕ್ಕಮಹಾದೇವಿ, ಅಲ್ಲಮ ಮೊದಲಿಗೆ ಬರುತ್ತಾರೆ. ನೆಲಕ್ಕೆ ಬಿದ್ದ ಅಕ್ಕಿ ಆಯುತ್ತಿದ್ದ ಮಾರಯ್ಯ, ಲಕ್ಕಮ್ಮ ದಂಪತಿಗಳು ಅವರ ಬೆನ್ನಿಗೇ ಇರುತ್ತಾರೆ. ಬಿಜ್ಜಳನ ಭಂಡಾರಿ ಬಸವಣ್ಣ ಸಿಗಬೇಕಾದರೆ, ಹಗ್ಗ ಹೊಸೆಯುವ ನುಲಿಯ ಚಂದಯ್ಯನನ್ನೂ ದಾಟಿ ಇನ್ನಷ್ಟು ಕೆಳಗಿಳಿಯಬೇಕು.