ಮತ್ತೆ ಹೆಬ್ಬೆಟ್ಟು

ನಮ್ಮ ಕಡೆ ಒಂದು ಗಾದೆ ಉಂಟು. ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ. ಕಾಡು, ಜಿಗಣೆ, ಏರುದಾರಿ. ಮೈಯಲ್ಲಿ ಸೊಕ್ಕಿಲ್ಲದವನಿಗೆ ಯಾಣ ದಕ್ಕುವುದಿಲ್ಲ. ಕೈಯಲ್ಲಿ ರೊಕ್ಕವಿಲ್ಲದವನಿಗೆ ಗೋಕರ್ಣದ ದೇವರು ದಕ್ಕುವುದಿಲ್ಲ. ಈ ಗಾದೆ ಕಟ್ಟಿದವರು ಸೊಕ್ಕೂ ಇಲ್ಲದ, ರೊಕ್ಕವೂ ಇಲ್ಲದ ನಮ್ಮಂಥವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕುಮಟೆಯಿಂದ ಯಾಣಕ್ಕೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ಕೇರಿ. ಯಾಣ ನಮಗೆ ಯಾತ್ರೆಯಲ್ಲ. ಸೌದೆ ತರುವ ದಾರಿ, ಅಷ್ಟೆ.

ಅಲ್ಲಿನ ಎರಡು ಕರಿಬಂಡೆ ನೀವು ನೋಡಿರಬಹುದು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುತ್ತಲಿನ ಕರಿಮಣ್ಣು ಭಸ್ಮಾಸುರನ ಬೂದಿ ಅಂತ ಹೇಳ್ತಾರೆ. ಆ ಕತೆ ಕೇಳಿದಾಗೆಲ್ಲ ಸಣ್ಣವನಾಗಿದ್ದ ನನಗೊಂದು ಅನುಮಾನ. ಅವ ತಪಸ್ಸು ಮಾಡಿ, ದುಡಿದು ವರ ಪಡೆದವ. ಕೊಟ್ಟ ವರವನ್ನೇ ಅವನ ತಲೆಗೆ ತಿರುಗಿಸಿದವರು ಕೊಟ್ಟವರ ಕಡೆಯವರು. ಕೈ ಅವನದೇ, ತಲೆ ಅವನದೇ, ಕುಣಿತ ಮಾತ್ರ ಬೇರೆಯವರದು. ಈ ಕತೆ ನನಗೆ ಸರಿಯಾಗಿ ಅರ್ಥವಾದದ್ದು ತೀರ ಈಚೆಗೆ, ಸೊಸೈಟಿಯ ಅಕ್ಕಿ ಸಾಲಿನಲ್ಲಿ ನಿಂತಾಗ.

ನಾನು ಕಂಪ್ಯೂಟರಿನ ಹುಚ್ಚ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಾನು ಯಂತ್ರದ ವೈರಿಯಾಗಿ ಬರೆಯುತ್ತಿಲ್ಲ. ಈ ಹುಚ್ಚು ಹಿಡಿದದ್ದು ತಾಲ್ಲೂಕು ಕಚೇರಿಯಲ್ಲಿ. 1974ರ ಭೂಸುಧಾರಣೆಯಲ್ಲಿ ನಮ್ಮ ಅಜ್ಜನಿಗೆ ಆರು ಗುಂಟೆ ಗದ್ದೆ ಸಿಕ್ಕಿತ್ತು. ಅದರ ಪಹಣಿಗೆ ನಮ್ಮಪ್ಪ ವರ್ಷಕ್ಕೊಮ್ಮೆ ಗ್ರಾಮಲೆಕ್ಕಿಗರ ಮನೆಗೆ ಹೋಗುತ್ತಿದ್ದ. ಜಗಲಿಯ ಕೆಳಗೆ ನಿಲ್ಲುತ್ತಿದ್ದ. ಕಾಯಿ, ಬಾಳೆಗೊನೆ ಇಟ್ಟು 'ಒಡೆಯಾ' ಅಂತ ಕೈಮುಗಿಯುತ್ತಿದ್ದ. 'ನಾಳೆ ಬಾ' ಅನ್ನುವುದನ್ನು ಕೇಳಿಸಿಕೊಂಡು ಬರುತ್ತಿದ್ದ. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ. ಅಪ್ಪ ಆ ಕಾಗದ ಹಿಡಿದುಕೊಂಡು ಹೊರಗೆ ಬಂದು, 'ಇದು ಜಾತಿ ಕೇಳಲಿಲ್ಲ ಕಾಣೋ' ಅಂದ. ಅವತ್ತೇ ನಾನು ಆ ಯಂತ್ರಕ್ಕೆ ಮನಸ್ಸು ಕೊಟ್ಟೆ.

ಆಮೇಲೆ ಕಲಿತೆ. ಕುಮಟೆಯ ಪೇಟೆಯಲ್ಲಿ ಟೈಪಿಂಗ್ ಮಾಡಿದೆ, ಹಾಳಾದ ಕಂಪ್ಯೂಟರು ಬಿಚ್ಚಿ ಜೋಡಿಸಿದೆ, ಲಿನಕ್ಸ್ ಹಾಕಲು ರಾತ್ರಿಯೆಲ್ಲ ನಿದ್ದೆಗೆಟ್ಟೆ. ಕೇರಿಯಲ್ಲಿ ಭಾಷಣವೂ ಮಾಡಿದೆ: ಯಂತ್ರಕ್ಕೆ ಜಾತಿ ಇಲ್ಲ, ಮಡಿ ಮೈಲಿಗೆ ಇಲ್ಲ, ಎಲ್ಲರೂ ಆಧಾರ್ ಮಾಡಿಸಿ, ಕಾರ್ಡಿಗೆ ಜೋಡಿಸಿ. ಎಷ್ಟೋ ಮನೆಯವರನ್ನು ನಾನೇ ಕರಕೊಂಡು ಹೋಗಿ ಬೆರಳು ಕೊಡಿಸಿದೆ.

ಇಲ್ಲಿ ಹೆಬ್ಬೆಟ್ಟಿನ ಮಾತು ಬರಬೇಕು. ನಮ್ಮ ಅಜ್ಜ ಒಡೆಯರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದವ. ಎಷ್ಟು ಸಾಲ, ಎಷ್ಟು ವರ್ಷ ದುಡಿಮೆ, ಅವನಿಗೆ ತಿಳಿದಿರಲಿಲ್ಲ. ಒತ್ತು ಅಂದರು, ಒತ್ತಿದ. ಜೀತ ನಿಷೇಧದ ಕಾಯಿದೆ ಬಂದದ್ದು 1976ರಲ್ಲಿ. ನಮ್ಮವ್ವ ಸಾಕ್ಷರತಾ ಆಂದೋಲನದ ಕಾಲಕ್ಕೆ ಕೇರಿಯ ರಾತ್ರಿಶಾಲೆಯಲ್ಲಿ ಕೂತು ಹೆಸರು ಬರೆಯಲು ಕಲಿತವಳು. ಮೊದಲ ಸಲ ಸಹಿ ಮಾಡಿದ ದಿನ, 'ಇನ್ನ ಮೇಲೆ ನನ್ನ ಕೈ ಹಿಡದು ಯಾರೂ ಒತ್ತಿಸೂದು ಬೇಡ' ಅಂದಿದ್ದಳು. ಹೆಬ್ಬೆಟ್ಟಿನಿಂದ ಸಹಿಗೆ ಬರಲು ನಮಗೆ ಮೂರು ತಲೆಮಾರು ಬೇಕಾಯಿತು. ಸಹಿಯಿಂದ ಹೆಬ್ಬೆಟ್ಟಿಗೆ ವಾಪಸ್ಸು ಕಳಿಸಲು ಅಂಗೈಯಗಲದ ಒಂದು ಯಂತ್ರ ಸಾಕಾಯಿತು.

ಸೊಸೈಟಿಗೆ ಆ ಯಂತ್ರ ಬಂದ ಮೊದಲ ತಿಂಗಳು ಅವ್ವ ಬೆರಳಿಟ್ಟಳು. ಬರಲಿಲ್ಲ. ಬೇರೆ ಬೆರಳಿಟ್ಟಳು. ಬರಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಕೂತವರು ಓದಿ ಹೇಳಲಿಲ್ಲ. 'ಕೈ ಸಮಾ ತೊಳ್ಕಂಡು ಬಾ' ಅಂದರು. ತೊಳೆದು ಬಂದಳು. ಇಲ್ಲ. 'ಸರ್ವರ್ ಇಲ್ಲ, ನಾಳೆ ಬಾ' ಅಂದರು. ನಮ್ಮ ಕೇರಿಯ ಮುದುಕಿಯರಿಗೆ ಸರ್ವರ್ ಅಂದರೆ ಹೋಟೆಲಿನಲ್ಲಿ ಚಾ ಕೊಡುವ ಹುಡುಗ. 'ಆ ಹುಡುಗ ಬರದಿದ್ರೆ ಬೇರೆಯವ್ರು ಕೊಡೂಕಾಗೂದಿಲ್ವಾ?' ಅಂತ ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು. ಈಗ ಯೋಚಿಸಿದರೆ, ಅವತ್ತು ಅಲ್ಲಿ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ.

ಸಂಜೆ ಅವ್ವ ಮನೆಗೆ ಬಂದು ಹೇಳಿದಾಗ ನಾನು, ಕಂಪ್ಯೂಟರು ಕಲಿತವ, ಏನಂದೆ ಗೊತ್ತೇ? 'ನೀನು ಕೈ ಸರೀ ತೊಳೆದಿರೂದಿಲ್ಲ.' ಅವ್ವ ಎರಡೂ ಅಂಗೈ ನನ್ನ ಮುಂದೆ ಹಿಡಿದಳು. 'ಎಷ್ಟು ತೊಳಿಯೂದು ಮಗಾ, ಚರ್ಮನೇ ಇಲ್ವಲ' ಅಂದಳು. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಒಡೆಯರ ಅಡಿಕೆ ಸುಲಿದ ಕೈ. ಮಳೆಗಾಲದಲ್ಲಿ ಗದ್ದೆ, ಬೇಸಗೆಯಲ್ಲಿ ಚಿರೆಕಲ್ಲು. ಗೆರೆ ಎಲ್ಲಿಂದ ಬರಬೇಕು? ಸಾವಿರಾರು ವರ್ಷ ನಮ್ಮವರ ಕೈಗೆ 'ಕೊಳಕು' ಅಂದವರ ಮಾತನ್ನೇ ನಾನೂ ಆಡಿದ್ದೆ. ಅವರಾದರೂ ದೇವರ ಹೆಸರಿನಲ್ಲಿ ಆಡಿದರು. ನಾನು ಆಡಿದ್ದು ಯಂತ್ರದ ಹೆಸರಿನಲ್ಲಿ.

ಯಂತ್ರ ಮಾಡುವ ಕೆಲಸ ಇಷ್ಟು. ಬೆರಳಿನ ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ, ಆ ಬಿಂದುಗಳನ್ನು ಗುರುತಿಸುತ್ತದೆ. ಅವನ್ನು ದೂರದ ಗಣಕ ಕೇಂದ್ರಕ್ಕೆ ಕಳಿಸುತ್ತದೆ. ಆಧಾರ್‌ನ ದತ್ತಾಂಶ ಇರುವುದು ಬೆಂಗಳೂರಿನ ಹೆಬ್ಬಾಳದಲ್ಲಿ ಮತ್ತು ಹರಿಯಾಣದ ಮಾನೇಸರದಲ್ಲಿ. ಅಲ್ಲಿಂದ 'ಹೌದು' ಅಥವಾ 'ಅಲ್ಲ' ಅನ್ನುವ ಉತ್ತರ ಬರುತ್ತದೆ. ಅದಕ್ಕೆ ನಡುವಿನ ಮಾತು ಗೊತ್ತಿಲ್ಲ. 'ಇವಳ ಬೆರಳು ಸವೆದಿದೆ, ಆದರೆ ಇವಳು ಇವಳೇ' ಅಂತ ಹೇಳಲು ಅದಕ್ಕೆ ಬಾರದು. ಕಾಡಿನೂರುಗಳಲ್ಲಿ ಸಿಗ್ನಲ್ ಸಿಗದಿದ್ದರೆ ಆ 'ಅಲ್ಲ' ಕೂಡ ಬರುವುದಿಲ್ಲ. ಇದು ನಮ್ಮವ್ವನೊಬ್ಬಳ ಪಾಡಲ್ಲ. 2016-17ರ ಕೇಂದ್ರದ ಆರ್ಥಿಕ ಸಮೀಕ್ಷೆಯೇ ಗುರುತು ತಾಳೆಯಾಗದ ಪ್ರಮಾಣದ ಅಂದಾಜು ಕೊಟ್ಟಿತ್ತು. ಜಾರ್ಖಂಡದಲ್ಲಿ ಶೇಕಡಾ 49, ರಾಜಸ್ಥಾನದಲ್ಲಿ ಶೇಕಡಾ 37, ಗುಜರಾತಿನಲ್ಲಿ ಶೇಕಡಾ 6.

ಈ ಬೆರಳಿನ ವಿದ್ಯೆ ಹುಟ್ಟಿದ್ದಾದರೂ ಎಲ್ಲಿ? 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೋನಾಯಿ ಎಂಬವನ ಅಂಗೈಯನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ನಾಳೆ ಮಾತು ತಪ್ಪಬಾರದು, ಸಹಿ ನನ್ನದಲ್ಲ ಅನ್ನಬಾರದು ಅಂತ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಪನಂಬಿಕೆಯೇ ಈ ವಿದ್ಯೆಯ ತಾಯಿಬೇರು. ಸಾಹೇಬನಿಗೆ ನಮ್ಮ ಮೇಲೆ ಇದ್ದ ಅಪನಂಬಿಕೆಯನ್ನು ಸ್ವತಂತ್ರ ಭಾರತ ಅಕ್ಕಿಯ ಅಂಗಡಿಗೆ ತಂದು ಕೂಡಿಸಿತು.

ಇದು ಬರೀ ಅಕ್ಕಿ ತಡವಾದ ಕತೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. 2017ರ ಜುಲೈ ತಿಂಗಳಲ್ಲಿ ನಮ್ಮದೇ ಕುಮಟಾ ತಾಲ್ಲೂಕಿನ ಗೋಕರ್ಣದ ಬೇಲೆಹಿತ್ತಲಿನಲ್ಲಿ ಒಂದೇ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ರೇಷನ್ ಕಾರ್ಡಿಗೆ ಆಧಾರ್ ಜೋಡಣೆಯಾಗಿಲ್ಲವೆಂದು ತಿಂಗಳುಗಟ್ಟಲೆ ಅವರಿಗೆ ಅಕ್ಕಿ ಸಿಕ್ಕಿರಲಿಲ್ಲವೆಂದು ಅಲ್ಲಿಗೆ ಹೋಗಿ ವಿಚಾರಿಸಿದ ನಾಗರಿಕ ಹಕ್ಕುಗಳ ಸಂಘಟನೆಯವರು ಹೇಳಿದರು. ಹಸಿವಿನ ಸಾವಲ್ಲ, ಕುಡಿತದ ಸಾವು ಎಂದು ಸರ್ಕಾರದ ಕಡೆಯವರು ಹೇಳಿದರು. ನಮ್ಮವರು ಸತ್ತಾಗ ಯಾವಾಗಲೂ ಕುಡಿದೇ ಸಾಯುತ್ತಾರೆ, ಅಲ್ಲವೇ ಗೆಳೆಯರೇ? ನಾನು ಕೇಳುವುದು ಒಂದೇ ಮಾತು. ಕುಡುಕನಿಗೆ ಹೊಟ್ಟೆ ಇಲ್ಲವೇ? ಬಡವ ಉಪವಾಸ ಇರಬಾರದೆಂದು ಇದೇ ರಾಜ್ಯ 2013ರಲ್ಲಿ ಅನ್ನಭಾಗ್ಯ ತಂದಿತ್ತು. ಅಕ್ಕಿ ಇತ್ತು, ಅಂಗಡಿ ಇತ್ತು, ಹಸಿದವರೂ ಇದ್ದರು. ನಡುವೆ ನಿಂತದ್ದು ಒಂದು ಜೋಡಣೆ.

ಮರು ತಿಂಗಳೇ, 2017ರ ಆಗಸ್ಟ್ 24ರಂದು, ದಿಲ್ಲಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೆಂಗಳೂರಿನ ಗೆಳೆಯರು ಸಂಭ್ರಮಪಟ್ಟರು. ಕೇರಿಯಲ್ಲಿ ಈ ಮಾತು ಹೇಳಿದರೆ, 'ನಮ್ಮದೆಂತ ಗುಟ್ಟು ಮಾರಾಯ, ಒಂದೇ ಕೋಣೆಯ ಮನೆ' ಅಂತ ನಕ್ಕರು. ಆದರೆ ನಾನು ನಗಲಾರೆ. ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹುಡುಕುವಾಗ ಅಡ್ಡಹೆಸರು ನುಂಗಿಕೊಂಡು ಮಾತಾಡಿದವ ನಾನು. ನಮಗೆ ಖಾಸಗಿತನವೆಂದರೆ ಸಾಹುಕಾರನ ಬೀಗದ ಪೆಟ್ಟಿಗೆಯಲ್ಲ. ಜಾತಿ ಹೇಳದೆ ಬದುಕುವ ಹಕ್ಕು. ಕೇಳಿದವರ ಮುಂದೆಲ್ಲ ಮೈ ಬಿಚ್ಚಿ ತೋರಿಸದೆ ಅನ್ನ ಉಣ್ಣುವ ಹಕ್ಕು.

2018ರ ಸೆಪ್ಟೆಂಬರ್ 26ರಂದು ಆಧಾರ್ ಕುರಿತ ತೀರ್ಪು ಬಂತು. ಐವರಲ್ಲಿ ನಾಲ್ವರು ಸರ್ಕಾರದ ಸವಲತ್ತುಗಳಿಗೆ ಆಧಾರ್ ಇರಲಿ ಎಂದರು. ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರು ಭಿನ್ನಮತ ಬರೆದರು. ಖಾಸಗಿ ಕಂಪನಿಗಳು ಕಡ್ಡಾಯವಾಗಿ ಕೇಳುವುದಕ್ಕೆ ತಡೆ ಬಿತ್ತು. ಸಿರಿವಂತನ ಮೊಬೈಲು ಬಚಾವಾಯಿತು. ಬಡವನ ಅಕ್ಕಿ ಅಲ್ಲೇ ಉಳಿಯಿತು.

ನಮ್ಮ ಕಾಡಿನ ಮಂದಿಯ ಇನ್ನೊಂದು ಪಾಡೂ ಇದೇ ಜಾತಿಯದು. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅರ್ಜಿ ಹಾಕಿದವರಿಗೆ ಉಪಗ್ರಹದ ಚಿತ್ರ ತೋರಿಸಿ 'ಇಲ್ಲಿ ನೀನು ಕಾಣುವುದೇ ಇಲ್ಲ' ಅಂದರೆ ಅವರು ಏನು ಹೇಳಬೇಕು? ಯಾಣದ ಸುತ್ತಿನ ದಟ್ಟ ಮರದ ಕೆಳಗಿನ ಬಿಡಾರ ಆಕಾಶದ ಕಣ್ಣಿಗೆ ಹೇಗೆ ಕಂಡೀತು? ಉಪಗ್ರಹದ ಚಿತ್ರ ಉಳಿದ ಸಾಕ್ಷಿಗೆ ಪೂರಕ ಮಾತ್ರ, ಅದರ ಬದಲಿಯಲ್ಲ ಎಂದು 2012ರಲ್ಲಿ ತಿದ್ದಿದ ನಿಯಮಗಳೇ ಹೇಳುತ್ತವೆ. ಊರ ಹಿರಿಯರ ಮಾತೂ ಸಾಕ್ಷಿಯೇ. ಆದರೆ ಅರ್ಜಿ ಹಾಕಿದವನಿಗೆ ಈ ನಿಯಮ ಓದಿ ಹೇಳುವವರು ಯಾರು?

ಹಾಗಾದರೆ ಯಂತ್ರ ಒಡೆದು ಹಾಕೋಣವೇ? ಬೇಡ. ಕೈಬರಹದ ಕಡತಕ್ಕೆ ವಾಪಸ್ಸು ಹೋದರೆ ನಮ್ಮಪ್ಪ ಮತ್ತೆ ಜಗಲಿಯ ಕೆಳಗೆ ನಿಲ್ಲಬೇಕಾಗುತ್ತದೆ. ನಾನು ಕೇಳುವುದು ಬೇರೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ನಮ್ಮ ಕಾಲದ ಕೆರೆ ಈ ಗಣಕ. ಅದರ ನೀರು ಕುಡಿಯಿರಿ, ಆದರೆ ಕೆರೆಗೆ ಇಳಿಯಬೇಡಿ, ಒಳಗೆ ಏನಿದೆ ಕೇಳಬೇಡಿ ಅನ್ನುತ್ತಿದ್ದಾರೆ. ವೇದ ಕೇಳಿದವನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದವರ ನಾಡು ಇದು. ಮುಚ್ಚಿದ ತಂತ್ರಾಂಶವೆಂದರೆ ನಮಗೆ ಬೇಗ ಅರ್ಥವಾಗಬೇಕು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಸ್ವತಂತ್ರ ತಂತ್ರಾಂಶದ ಕೆಲಸ ಸಾರಿದ. ಅದರ ಸಾರ ಸರಳ: ನಿನ್ನನ್ನು ಆಳುವ ತಂತ್ರಾಂಶವನ್ನು ನೀನು ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಯವನಿಗೆ ಹಂಚಬಹುದು. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಈ ಚಳವಳಿಯ ಗೆಳೆಯರು ಅಂಬೇಡ್ಕರ್ ಹೆಸರಿನಲ್ಲೇ ಸಮುದಾಯ ಕಂಪ್ಯೂಟರ್ ಕೇಂದ್ರ ಕಟ್ಟಿ ಮಕ್ಕಳಿಗೆ ಲಿನಕ್ಸ್ ಕಲಿಸಿದರು. ಅಂಥದು ಕುಮಟೆಗೂ ಬೇಕು, ಹೊನ್ನಾವರ ಭಟ್ಕಳಕ್ಕೂ ಬೇಕು.

ಅದಕ್ಕೂ ಮೊದಲು ಒಂದು ಸಣ್ಣ ಹಕ್ಕು ಬೇಕು. 'ಇಲ್ಲ' ಅಂದ ಯಂತ್ರವನ್ನು 'ಯಾಕೆ?' ಎಂದು ಕೇಳುವ ಹಕ್ಕು. ಅಕ್ಕಿ ಕೊಡದಿದ್ದರೆ ಯಾಕೆ ಕೊಡಲಿಲ್ಲವೆಂದು ಕನ್ನಡದಲ್ಲಿ ಬರೆದ ಚೀಟಿ ಕೊಡಬೇಕು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಇದೆ. 'ಇಲ್ಲ' ಅನ್ನುವುದಕ್ಕೆ ಇಂಗ್ಲಿಷ್ ಯಾಕೆ? ಬೆರಳು ಬಾರದಿದ್ದರೆ ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡು ಅಕ್ಕಿ ಕೊಡಬೇಕು. ಎಷ್ಟು ಜನ ಬರಿಗೈಯಲ್ಲಿ ಹೋದರು ಎಂಬ ಲೆಕ್ಕ ಅಂಗಡಿಯ ಗೋಡೆಯ ಮೇಲಿರಬೇಕು. ನಮ್ಮ ಲೆಕ್ಕ ಅವರಿಗೆ ಸಿಗುವಾಗ ಅವರ ಲೆಕ್ಕ ನಮಗೆ ಸಿಗಬಾರದೇ? 'ಯಾಕೆ ಒಡೆಯಾ?' ಅಂತ ನಮ್ಮಜ್ಜ ಒಮ್ಮೆಯೂ ಕೇಳಲಿಲ್ಲ. ಆ ಒಂದು ಮಾತು ಬಾಯಿಗೆ ಬಾರದ್ದಕ್ಕೆ ಅವನ ಆಯುಷ್ಯವೇ ಹೋಯಿತು.

ಭಸ್ಮಾಸುರನ ಬೂದಿಯ ಮೇಲೆ ನಡೆದು ಬೆಳೆದವ ನಾನು. ನಮ್ಮದೇ ಕೈ ಎತ್ತಿಸಿ ನಮ್ಮದೇ ತಲೆಯ ಮೇಲೆ ಇಡಿಸುವ ಕುಣಿತ ಈಗ ಗುರುತು ಸಿಗುತ್ತದೆ. ಮುಂದಿನ ತಿಂಗಳು ಅವ್ವನ ಜೊತೆ ನಾನೂ ಸೊಸೈಟಿಗೆ ಹೋದೆ. ಮತ್ತೆ ಬೆರಳು ಬರಲಿಲ್ಲ. 'ಕೈ ತೊಳ್ಕಂಡು ಬಾ' ಅಂದರು. 'ಅವಳ ಕೈ ಸ್ವಚ್ಛ ಇದೆ, ಪುಸ್ತಕ ತೆಗೀರಿ' ಅಂದೆ. ತಕರಾರಾಯಿತು, ಸಾಲಿನಲ್ಲಿದ್ದವರೂ ದನಿಗೂಡಿಸಿದರು. ಕಡೆಗೆ ಪುಸ್ತಕ ಹೊರಬಂತು. ಅವ್ವ ಪೆನ್ನು ಹಿಡಿದು, ಒಂದೊಂದೇ ಅಕ್ಷರ, ತನ್ನ ಹೆಸರು ಬರೆದಳು. ಬರೆಯಲು ಹೊತ್ತು ಹಿಡಿಯಿತು. ಯಾರೂ ಗಡಿಬಿಡಿ ಮಾಡಲಿಲ್ಲ.